ನಾಯಿಯನ್ನು ಬಿಟ್ಟು ಬಂದರೆ ಪಾಪವೇ?



ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಎರಡನೆಯ ಪೂಜೆ ಮುಗಿದು ಜನ ಚದುರುತ್ತಿದ್ದಾಗ, ಒಬ್ಬ ಗೃಹಸ್ಥರು ದೇವಾಲಯದ ಬಾಗಿಲ ಬಳಿ ನನಗಾಗಿ ಕಾದು ನಿಂತಿದ್ದರು. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೊಸದಾಗಿ ಬಂದ ಕುಟುಂಬ ಅವರದು. ಪಾಪನಿವೇದನೆಗೆ ಬಂದವರಲ್ಲ, ಬಂದಿದ್ದರೆ ಈ ಮಾತನ್ನು ನಾನು ಇಲ್ಲಿ ಬರೆಯುವಂತಿರಲಿಲ್ಲ. ಬರೆಯಲು ಅವರ ಒಪ್ಪಿಗೆಯನ್ನೂ ಕೇಳಿಕೊಂಡಿದ್ದೇನೆ. ಬಾಡಿಗೆ ಮನೆಯ ಯಜಮಾನರು ನಾಯಿ ಬೇಡವೆಂದರಂತೆ. ಎರಡು ವಾರ ಹೇಗೋ ತಳ್ಳಿದರು. ಆಮೇಲೆ ಒಂದು ಸಂಜೆ ಆರು ವರ್ಷ ಸಾಕಿದ ಹೆಣ್ಣುನಾಯಿಯನ್ನು ಸ್ಕೂಟರಿನ ಮುಂದೆ ಕೂರಿಸಿಕೊಂಡು, ಶಿಡ್ಲಘಟ್ಟ ದಾಟಿ ಚಿಂತಾಮಣಿಯ ದಾರಿಯಲ್ಲಿ ಒಂದು ಟೀ ಅಂಗಡಿಯ ಹತ್ತಿರ ಇಳಿಸಿ, ಬಿಸ್ಕತ್ತು ಹಾಕಿ, ಅದು ತಿನ್ನುತ್ತಿರುವಾಗಲೇ ಸ್ಕೂಟರ್ ತಿರುಗಿಸಿಕೊಂಡು ಬಂದರು. ಗೌರಿಬಿದನೂರಿನ ಕಡೆಗೆ ಏಕೆ ಬಿಡಲಿಲ್ಲ ಎಂದು ಕೇಳಿದೆ. "ಆ ಕಡೆ ಬಿಟ್ಟರೆ ವಾಸನೆ ಹಿಡಿದು ಹಳೇ ಮನೆ ಬಾಗಿಲಿಗೆ ಹೋಗಿ ಕೂತುಬಿಡುತ್ತೆ ಸ್ವಾಮಿ" ಎಂದರು. ಆಮೇಲೆ ಕೇಳಿದರು: "ನಾಯಿಯನ್ನು ಬಿಟ್ಟು ಬಂದರೆ ಪಾಪವೇ?"

ನಾನು ಅವಸರದಲ್ಲಿದ್ದೆ. ಒಂದು ನಾಮಕರಣ, ಅದರ ಮೇಲೆ ಒಂದು ಸಭೆ ಕಾದಿತ್ತು. "ಪಾಪ ಎನ್ನುವಷ್ಟು ದೊಡ್ಡದಲ್ಲ, ಆದರೆ ಒಳ್ಳೆಯದು ಮಾಡಲಿಲ್ಲ ನೀವು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಹೇಳಿ ಅವರ ಭುಜ ತಟ್ಟಿ ಕಳುಹಿಸಿದೆ. ಅವರು ಸಮಾಧಾನಗೊಂಡವರಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಮಾಧಾನವಾಗಲಿಲ್ಲ. ಆ ಉತ್ತರವನ್ನು ಮತ್ತೊಮ್ಮೆ ಪರಿಶೀಲಿಸುವುದಕ್ಕಾಗಿಯೇ ಈ ಲೇಖನ.

ಸೆಮಿನರಿಯಲ್ಲಿ ನಾನು ಕಲಿತದ್ದರಿಂದಲೇ ಪ್ರಾರಂಭಿಸೋಣ. ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ, ವಿವೇಕಶಕ್ತಿ ಇಲ್ಲದ ಪ್ರಾಣಿಗಳನ್ನು ದೈವಿಕ ಪ್ರೀತಿಯಿಂದ ಪ್ರೀತಿಸಬಹುದೇ ಎಂಬ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾರೆ. ಆ ಪ್ರೀತಿ ಒಂದು ಬಗೆಯ ಸ್ನೇಹ. ಸ್ನೇಹವಿರಬೇಕಾದರೆ ಇಬ್ಬರಲ್ಲೂ ಹಂಚಿಕೊಳ್ಳುವ ಬಾಳು ಇರಬೇಕು. ಪ್ರಾಣಿಯೊಡನೆ ಆ ಹಂಚಿಕೆ ಸಾಧ್ಯವಿಲ್ಲ. ಆದುದರಿಂದ ನೇರವಾಗಿ ಅಲ್ಲ, ದೇವರ ಮಹಿಮೆಗಾಗಿಯೂ ಮನುಷ್ಯರ ಉಪಯೋಗಕ್ಕಾಗಿಯೂ ಅವು ಉಳಿಯಲಿ ಎಂದು ಬಯಸುವಷ್ಟರ ಮಟ್ಟಿಗೆ ಮಾತ್ರ ಅವನ್ನು ಪ್ರೀತಿಸಬಹುದು ಎಂಬುದು ಅವರ ಉತ್ತರ. ಹಾಗಿದ್ದರೆ ಮೋಶೆಯ ಧರ್ಮಶಾಸ್ತ್ರದಲ್ಲಿ ಪ್ರಾಣಿಗಳ ಬಗ್ಗೆ ಅಷ್ಟೊಂದು ಕಟ್ಟಳೆಗಳು ಏಕೆ? ಪ್ರಾಣಿಗೆ ಕರುಣೆ ತೋರಿ ಅಭ್ಯಾಸವಾದವನು ಮನುಷ್ಯನಿಗೂ ಕರುಣೆ ತೋರುತ್ತಾನೆ, ಪ್ರಾಣಿಯನ್ನು ಹಿಂಸಿಸಿ ಕೈ ಪಳಗಿದವನು ಮನುಷ್ಯನ ಮೇಲೂ ಕೈ ಎತ್ತುತ್ತಾನೆ ಎಂಬುದು ಅವರು ಕೊಡುವ ಕಾರಣ.

ಇದನ್ನು ಓದಿದಾಗ ನನಗೆ ಇಪ್ಪತ್ತೆರಡು ವರ್ಷ. ಅಚ್ಚುಕಟ್ಟಾದ ವಾದ ಎನ್ನಿಸಿತ್ತು. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದೆ ಕೂಡ. ಈಗ ಯೋಚಿಸಿದರೆ ಆ ಗೃಹಸ್ಥರ ಪ್ರಶ್ನೆಗೆ ಇಷ್ಟು ಸಾಲದು. ಅವರು ನಾಯಿಯನ್ನು ಹೊಡೆಯಲಿಲ್ಲ. ಬಿಸ್ಕತ್ತು ಹಾಕಿದರು. ನಾಳೆ ಹೆಂಡತಿ ಮಕ್ಕಳನ್ನು ಹೊಡೆಯುವ ಸ್ವಭಾವದವರೂ ಅಲ್ಲ. ಹಾಗಾದರೆ ರಾತ್ರಿ ನಿದ್ರೆ ಬಾರದಂತೆ ಅವರ ಅಂತಃಸಾಕ್ಷಿಯನ್ನು ಚುಚ್ಚುತ್ತಿದ್ದುದು ಏನು?

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ವಿಷಯಕ್ಕೆ ನಾಲ್ಕು ಪರಿಚ್ಛೇದಗಳನ್ನು ಮೀಸಲಿಟ್ಟಿದೆ, 2415ರಿಂದ 2418ರವರೆಗೆ. ಅವು ಏಳನೆಯ ಆಜ್ಞೆಯ, ಅಂದರೆ ಕದಿಯಬಾರದೆಂಬ ಆಜ್ಞೆಯ, ವಿವರಣೆಯಲ್ಲಿ ಬರುತ್ತವೆ ಎಂಬುದು ಗಮನಿಸತಕ್ಕದ್ದು. ಪ್ರಾಣಿಗಳು ದೇವರ ಸೃಷ್ಟಿ. ಅವುಗಳಿಗೆ ನಾವು ದಯೆ ತೋರಲು ಋಣಿಗಳು. ಸಂತ ಫ್ರಾನ್ಸಿಸ್ ಅಸ್ಸಿಸಿ, ಸಂತ ಫಿಲಿಪ್ ನೇರಿ ಇವರು ಅವುಗಳನ್ನು ಎಷ್ಟು ಮೃದುವಾಗಿ ನಡೆಸಿಕೊಂಡರೆಂದು ನೆನೆಯಬೇಕು. ಆಹಾರಕ್ಕೂ ಬಟ್ಟೆಗೂ ಅವನ್ನು ಬಳಸುವುದು ನ್ಯಾಯವೇ. ಆದರೆ ವಿನಾಕಾರಣ ಅವುಗಳಿಗೆ ನೋವು ಸಾವು ತರುವುದು ಮನುಷ್ಯನ ಘನತೆಗೇ ವಿರುದ್ಧ. ಕೊನೆಯಲ್ಲಿ ಇನ್ನೊಂದು ಮಾತೂ ಇದೆ: ಮನುಷ್ಯರ ಕಷ್ಟ ನಿವಾರಣೆಗೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ, ಮನುಷ್ಯರಿಗೆ ಮಾತ್ರ ಸಲ್ಲುವ ಅಕ್ಕರೆಯನ್ನು ಅವುಗಳಿಗೆ ಕೊಡುವುದೂ ತಕ್ಕದ್ದಲ್ಲ.

ಈ ಕೊನೆಯ ಮಾತನ್ನು ನನ್ನ ಜನರಲ್ಲಿ ಹಲವರು ಥಟ್ಟನೆ ಹಿಡಿದುಕೊಳ್ಳುತ್ತಾರೆ. "ನೋಡಿ ಸ್ವಾಮಿ, ಮನುಷ್ಯರಿಗೇ ಗತಿಯಿಲ್ಲ, ನಾಯಿಗೆ ಆಶ್ರಯವಂತೆ, ಆಂಬ್ಯುಲೆನ್ಸಂತೆ!" ಅವರ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ನಾಯಿಯ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸಿ, ಅದೇ ಮನೆಯ ಪಾತ್ರೆ ತೊಳೆಯುವ ಹೆಂಗಸಿಗೆ ಸಂಬಳದಲ್ಲಿ ನೂರು ರೂಪಾಯಿ ಹೆಚ್ಚಿಸಲು ಚೌಕಾಸಿ ಮಾಡುವವರನ್ನು ನಾನೂ ಕಂಡಿದ್ದೇನೆ. ಆದರೆ ಒಂದು ವಿಚಿತ್ರ ನೋಡಿ. ಹೀಗೆ ವಾದಿಸುವವರು ನಾಯಿಗೆ ಖರ್ಚು ಮಾಡದೆ ಉಳಿಸಿದ ಹಣವನ್ನು ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಪೆಟ್ಟಿಗೆಗೆ ತಂದು ಹಾಕಿದ್ದನ್ನು ನಾನಿನ್ನೂ ನೋಡಿಲ್ಲ. ಬೀದಿಯ ನಾಯಿಗೆ ಒಂದು ತುತ್ತು ಮುದ್ದೆ ಎತ್ತಿಡುವವರು ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಬಡವರೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ಎತ್ತಿದವರು ಶಿಡ್ಲಘಟ್ಟದ ಕಡೆಯ ಒಬ್ಬ ಬಿಚ್ಚಾಣಿಕೆದಾರರು. "ನಮ್ಮ ಊರು ನಿಂತಿರುವುದೇ ಹುಳುವನ್ನು ಬಿಸಿನೀರಲ್ಲಿ ಬೇಯಿಸಿ. ಒಂದು ಸೀರೆಗೆ ಸಾವಿರಾರು ಹುಳು. ಅದು ಪಾಪವಲ್ಲ, ಒಂದು ನಾಯಿಯನ್ನು ದಾರಿಯಲ್ಲಿ ಬಿಟ್ಟರೆ ಪಾಪವೇ?" ರಾಜ್ಯದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಒಂದು ಶಿಡ್ಲಘಟ್ಟದಲ್ಲಿದೆ. ಚಿಂತಾಮಣಿ, ಚಿಕ್ಕಬಳ್ಳಾಪುರದ ಸುತ್ತಲಿನ ಎಷ್ಟೋ ಮನೆಗಳ ಮಕ್ಕಳು ಆ ಗೂಡಿನ ಹಣದಿಂದಲೇ ಓದಿದ್ದಾರೆ. ಆದುದರಿಂದ ಈ ಪ್ರಶ್ನೆಗೆ ಜಾರಿಕೊಳ್ಳುವ ಉತ್ತರ ಕೊಡಬಾರದು.

ಹುಳುಮನೆ ಇರುವ ಮನೆಯಲ್ಲಿ ಒಂದು ರಾತ್ರಿ ತಂಗಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟುವವರೆಗೆ ಸುಮಾರು ನಾಲ್ಕು ವಾರ ಆ ಮನೆಯವರು ಹುಳುವಿನ ಸೇವಕರು. ನಾಲ್ಕು ಜ್ವರ ದಾಟಬೇಕು. ನಾಲ್ಕನೆಯ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಮಿತಿಯೇ ಇಲ್ಲ. ನಡುರಾತ್ರಿ ಎದ್ದು ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಕಸ ತೆಗೆಯಬೇಕು, ಕೈಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಹುಳು ಎದ್ದಿರುವಾಗ ತಂಗಿಯ ಮದುವೆಗೂ ಮನೆಮಂದಿಯೆಲ್ಲ ಹೋಗುವುದಿಲ್ಲ. ಏಕೆಂದರೆ ಈ ಹುಳು ಕಾಡಿನ ಹುಳುವಲ್ಲ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದು, ಅದರ ಚಿಟ್ಟೆ ಹಾರುವುದನ್ನೇ ಮರೆತಿದೆ. ಸೊಪ್ಪನ್ನು ನಾವು ಹಾಕದಿದ್ದರೆ ಅದು ಹುಡುಕಿಕೊಂಡು ಹೋಗಲಾರದು.

ಕೊನೆಗೆ ಅದನ್ನು ಕೊಲ್ಲುತ್ತೇವೆ, ನಿಜ. ನಮ್ಮ ಬಟ್ಟೆಗಾಗಿ, ಹೊಟ್ಟೆಪಾಡಿಗಾಗಿ. ಧರ್ಮಸಭೆ ಅದನ್ನು ನಿಷೇಧಿಸುವುದಿಲ್ಲ. ಜೈನ ಸಹೋದರರು ನಿಷೇಧಿಸುತ್ತಾರೆ. ಅವರ ಮಾತಿಗೂ ತೂಕವಿದೆ ಎಂದು ನಾನು ಬಲ್ಲೆ. ಆದರೆ ಆ ಬಿಚ್ಚಾಣಿಕೆದಾರರಿಗೆ ನಾನು ಹೇಳಿದ್ದು ಇಷ್ಟು: ಸಾಕುವ ಕಾಲದಲ್ಲಿ ಹುಳುವಿಗೆ ಸೊಪ್ಪು ತಪ್ಪಿಸುವುದನ್ನು ನಿಮ್ಮ ಊರಿನಲ್ಲಿ ಯಾರೂ ಒಪ್ಪುವುದಿಲ್ಲ. ನನ್ನ ಕೈಯನ್ನೇ ನಂಬಿದ ಜೀವಕ್ಕೆ ಆ ಕೈ ತಪ್ಪಬಾರದು ಎಂಬುದು ಪುಸ್ತಕ ಓದದ ರೈತನಿಗೂ ಗೊತ್ತು. ಹುಳುವಿನ ವಿಷಯದಲ್ಲಿ ನಾವು ಇದನ್ನು ತಪ್ಪದೆ ಪಾಲಿಸುತ್ತೇವೆ, ಏಕೆಂದರೆ ತಪ್ಪಿದರೆ ನಷ್ಟ ನಮಗೆ. ನಾಯಿಯ ವಿಷಯದಲ್ಲಿ ತಪ್ಪಿದರೆ ನಷ್ಟ ನಾಯಿಗೆ ಮಾತ್ರ. ಅವರು ನಕ್ಕು, "ಫಾದರ್, ನೀವು ವಕೀಲರಾಗಬೇಕಾಗಿತ್ತು" ಎಂದರು. ಒಪ್ಪಿದರೋ ಇಲ್ಲವೋ ಹೇಳಲಿಲ್ಲ.

ನನಗೆ ಉತ್ತರದ ಎಳೆ ಸಿಕ್ಕಿದ್ದು ಇಲ್ಲಿಯೇ. ನಾಯಿಗೆ ವಿವೇಕವಿದೆಯೇ, ಆತ್ಮ ಎಂಥದು ಎಂಬ ಚರ್ಚೆ ಒಂದು ಕಡೆ ಇರಲಿ. ನಾವು ಅದಕ್ಕೆ ಏನು ಮಾಡಿದ್ದೇವೆ ಎಂಬುದನ್ನು ಮೊದಲು ನೋಡಬೇಕು. ಜರ್ಮನಿಯ ಬಾನ್ ಪಟ್ಟಣದ ಹತ್ತಿರ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿ. ಸುಮಾರು 14,000 ವರ್ಷ ಹಳೆಯದು. ಬೇಸಾಯವೇ ಇನ್ನೂ ಹುಟ್ಟದ ಕಾಲ. 2018ರಲ್ಲಿ ಆ ನಾಯಿಯ ಹಲ್ಲುಗಳನ್ನು ಪರೀಕ್ಷಿಸಿದವರು ಹೇಳಿದ್ದೇನೆಂದರೆ, ಅದು ಇನ್ನೂ ಏಳು ತಿಂಗಳ ಮರಿ. ಡಿಸ್ಟೆಂಪರ್ ಎಂಬ ಮಾರಕ ಕಾಯಿಲೆಯಿಂದ ಹಲವು ವಾರ ನರಳಿತ್ತು. ಮನುಷ್ಯರ ಆರೈಕೆ ಇಲ್ಲದೆ ಅಷ್ಟು ದಿನ ಬದುಕುವುದು ಸಾಧ್ಯವಿರಲಿಲ್ಲ. ಬೇಟೆಗೂ ಕಾವಲಿಗೂ ಬಾರದ ಕಾಯಿಲೆಯ ಮರಿಯನ್ನು ಆ ಶಿಲಾಯುಗದ ಜನ ನೋಡಿಕೊಂಡರು. ಅಂದಿನಿಂದ ಇಂದಿನವರೆಗೆ ನಾವು ಈ ಪ್ರಾಣಿಯನ್ನು ತೋಳದ ಬಾಳಿನಿಂದ ಬಿಡಿಸಿ, ನಮ್ಮ ಮುಖ ನೋಡಿ ಬದುಕುವಂತೆ ಮಾಡಿದ್ದೇವೆ. ಅದು ಹಿಂದಿರುಗಿ ಹೋಗಲು ಈಗ ಕಾಡಿಲ್ಲ.

ಒಂದು ಮರಿಯನ್ನು ತಾಯಿಯ ಮಗ್ಗುಲಿನಿಂದ ಎತ್ತಿ ತಂದ ದಿನ ನಾವು ಬಾಯಿ ತೆರೆದು ಏನನ್ನೂ ಹೇಳುವುದಿಲ್ಲ. ಆದರೂ ಒಂದು ಮಾತು ಕೊಟ್ಟ ಹಾಗೆಯೇ. ಅದಕ್ಕೆ ಬೇರೆ ದಾರಿಗಳನ್ನೆಲ್ಲ ಮುಚ್ಚಿ, ನಮ್ಮ ಮನೆಯ ಬಾಗಿಲೊಂದನ್ನೇ ತೆರೆದಿಡುತ್ತೇವೆ. ಹಾಗೆ ತೆರೆದ ಬಾಗಿಲನ್ನು ಆರು ವರ್ಷಗಳ ಮೇಲೆ ಮುಚ್ಚಿದರೆ ಅದು ಬರೀ ದಯೆಯ ಕೊರತೆಯಲ್ಲ. ಕೊಟ್ಟ ಮಾತಿನಿಂದ ಹಿಂದೆ ಸರಿದ ತಪ್ಪು. ಕದಿಯಬಾರದೆಂಬ ಆಜ್ಞೆಯ ಕೆಳಗೆ ಧರ್ಮಸಭೆ ಇದನ್ನು ಇಟ್ಟಿರುವುದು ಎಷ್ಟು ಸರಿ ಎಂದು ನನಗೆ ಹೊಳೆದದ್ದು ಆಗಲೇ. ನಮ್ಮ ನಾಡಿನ ಮಕ್ಕಳೆಲ್ಲ ಪುಣ್ಯಕೋಟಿಯ ಕಥೆಯನ್ನು ಹಾಡಿಕೊಂಡು ಬೆಳೆಯುತ್ತಾರೆ. ಹಸು ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಕರುವನ್ನು ಬಿಟ್ಟು ಹಿಂತಿರುಗಿತು. ಮನುಷ್ಯ ನಾಯಿಗೆ ಕೊಟ್ಟ ಮಾತಿನ ಬಗ್ಗೆ ಹಾಡು ಕಟ್ಟಿದವರು ಯಾರೂ ನನಗೆ ನೆನಪಾಗುವುದಿಲ್ಲ.

ಶ್ರೀಗ್ರಂಥದಲ್ಲಿ ನಾಯಿಗೆ ದೊಡ್ಡ ಗೌರವವೇನೂ ಇಲ್ಲ. ಬೈಗುಳವಾಗಿ ಬರುವುದೇ ಹೆಚ್ಚು. ಆದರೆ ನಮ್ಮ ಕಥೋಲಿಕ ಬೈಬಲಿನಲ್ಲಿರುವ ತೋಬಿತನ ಗ್ರಂಥವನ್ನು ತೆರೆದು ನೋಡಿ. ಯುವಕ ತೋಬಿಯ ದೇವದೂತ ರಫಾಯೇಲನೊಡನೆ ದೂರ ಪ್ರಯಾಣ ಹೊರಟಾಗ ಮನೆಯ ನಾಯಿಯೂ ಹಿಂದೆ ಹೊರಡುತ್ತದೆ. ಹಿಂದಿರುಗುವಾಗಲೂ ಜೊತೆಗಿದೆ. ಕಥೆಯಲ್ಲಿ ಅದು ಮಾಡುವ ಕೆಲಸ ಏನೂ ಇಲ್ಲ. ಹೆಸರೂ ಇಲ್ಲ. ವ್ಯಾಖ್ಯಾನಕಾರರು ಅದಕ್ಕೆ ಏನೇನೋ ಗೂಢಾರ್ಥ ಹೇಳುತ್ತಾರೆ. ನನಗೆ ತೋರುವುದು: ಅದು ಆ ಮನೆಯದು, ಆದ್ದರಿಂದ ಹೋಯಿತು, ಆದ್ದರಿಂದ ಬಂತು. ಹಾಗೆಯೇ ಪ್ರವಾದಿ ನಾತಾನನು ದಾವೀದ ಅರಸನಿಗೆ ಅವನ ಪಾಪವನ್ನು ತೋರಿಸಿಕೊಡಲು ಹೇಳಿದ ಸಾಮತಿಯನ್ನು ನೆನೆಯಿರಿ. ಬಡವನೊಬ್ಬನ ಮನೆಯಲ್ಲಿ ಮಕ್ಕಳೊಂದಿಗೆ ಬೆಳೆದ, ಅವನ ತುತ್ತಿನಲ್ಲಿ ಪಾಲು ಪಡೆದು ಅವನ ಮಡಿಲಲ್ಲಿ ಮಲಗುತ್ತಿದ್ದ ಒಂದೇ ಒಂದು ಕುರಿಮರಿ. ಕಥೆ ಕೇಳಿದ ದಾವೀದನಿಗೆ ರಕ್ತ ಕುದಿಯಿತು. ಸಾಕಿದ ಪ್ರಾಣಿಯ ಮೇಲಣ ಅಕ್ಕರೆ ಏನೆಂದು ಕುರುಬನಾಗಿದ್ದ ಆ ಅರಸನಿಗೆ ಗೊತ್ತಿರದಿದ್ದರೆ ಪ್ರವಾದಿಯ ಬಾಣ ಗುರಿ ತಲುಪುತ್ತಲೇ ಇರಲಿಲ್ಲ. ಸಬ್ಬತ್ ದಿನದ ವಿಶ್ರಾಂತಿಯನ್ನು ಎತ್ತಿಗೂ ಕತ್ತೆಗೂ ಕೊಡಬೇಕೆಂದು ಸರ್ವೇಶ್ವರ ಆಜ್ಞಾಪಿಸಿದ್ದನ್ನೂ ಇದರೊಡನೆ ಇಟ್ಟು ನೋಡಿ.

ಇನ್ನು ಬಿಟ್ಟುಬಂದ ನಾಯಿಗೆ ಏನಾಗುತ್ತದೆ? "ಯಾರಾದರೂ ಸಾಕಿಕೊಳ್ಳುತ್ತಾರೆ" ಎಂದು ನಾವು ನಮಗೇ ಹೇಳಿಕೊಳ್ಳುವ ಸುಳ್ಳು. ಮನೆಯ ನಾಯಿಗೆ ಬೀದಿಯ ಕಟ್ಟಳೆ ಗೊತ್ತಿಲ್ಲ. ಅಲ್ಲಿನ ನಾಯಿಗಳು ಅದನ್ನು ಸೇರಿಸುವುದಿಲ್ಲ. ಲಾರಿ ಯಾವ ವೇಗದಲ್ಲಿ ಬರುತ್ತದೆಂಬ ಅಂದಾಜಿಲ್ಲ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರದ ಆಚೀಚೆ ಕೊರಳಪಟ್ಟಿ ಕಟ್ಟಿಕೊಂಡೇ ಸತ್ತುಬಿದ್ದ ನಾಯಿಗಳನ್ನು ನಾನು ಕಂಡಿದ್ದೇನೆ. ನಂದಿಬೆಟ್ಟದ ತಪ್ಪಲಿನಲ್ಲಿ, ಉದ್ದ ಕೂದಲಿನ ಸೀಮೆನಾಯಿಯೊಂದು ಪ್ರತಿ ಕಾರಿನ ಹಿಂದೆಯೂ ಓಡುವುದನ್ನು ನೋಡಿದ್ದೇನೆ. ಅದು ಆಹಾರಕ್ಕಾಗಿ ಓಡುತ್ತಿರಲಿಲ್ಲ.

ಇದಕ್ಕಿಂತ ಸಾಮಾನ್ಯವಾದದ್ದು ಮರಿಗಳದು. ಹೆಣ್ಣುನಾಯಿ ಸುಮಾರು ಎರಡು ತಿಂಗಳು ಗರ್ಭ ಹೊತ್ತು ಒಂದು ಸೂಲಿನಲ್ಲಿ ಐದಾರು ಮರಿ ಹಾಕುತ್ತದೆ. ಗಂಡುಮರಿಗಳನ್ನು ಕೇಳಿ ಒಯ್ಯುವವರಿದ್ದಾರೆ. ಹೆಣ್ಣುಮರಿಗಳು ಗೋಣಿಚೀಲದಲ್ಲಿ ಕೆರೆಯ ಏರಿಯ ಮೇಲೋ ಸಂತೆ ಮೈದಾನದಲ್ಲೋ ಬೀಳುತ್ತವೆ. ಹೆಣ್ಣೆಂಬ ಕಾರಣಕ್ಕೆ ಬಿಸಾಡುವ ಅಭ್ಯಾಸ ನಾಯಿಯ ಮರಿಯಲ್ಲೇ ನಿಲ್ಲಲಿಲ್ಲವೆಂಬುದು ನಿಮಗೆಲ್ಲ ಗೊತ್ತು. ಅಕ್ವಿನಾಸರ ಮಾತು ಇಲ್ಲಿ ನೆನಪಾಗದೆ ಹೋಗುವುದಿಲ್ಲ.

ಬಿಟ್ಟ ನಾಯಿ, ಬಿಟ್ಟ ಮರಿ, ಅವುಗಳ ಸಂತಾನ, ಇವೇ ಬೀದಿನಾಯಿಗಳ ಹಿಂಡನ್ನು ಬೆಳೆಸುತ್ತವೆ. ಆ ಹಿಂಡು ಶಾಲೆಗೆ ಹೋಗುವ ಮಗುವನ್ನು ಅಟ್ಟಿಸಿಕೊಂಡು ಬಂದಾಗ ನಾವು ನಗರಸಭೆಯನ್ನು ಬೈಯುತ್ತೇವೆ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಆದುದರಿಂದ ಕುಟುಂಬದವರೆಲ್ಲರೂ ಇದನ್ನು ತಿಳಿದಿರಲಿ: ನಾಯಿ ಕಚ್ಚಿದರೆ, ಪರಚಿದರೂ ಸಹ, ಕೂಡಲೇ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಿ, ಎಲ್ಲ ಸೂಜಿಗಳನ್ನೂ ಮುಗಿಸಿ. ಹರಕೆ, ಜಪ, ದಾರ ಇವುಗಳಿಂದ ರೇಬೀಸ್ ಹೋಗದು. ಗುರುವಾಗಿ ನಾನೇ ಇದನ್ನು ಹೇಳುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆಂದೂ ತಿಳಿದಿರುವುದು ಒಳ್ಳೆಯದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಪ್ರಕರಣದ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಮೊದಲ ಸಲದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಇಂದು ಅದರಲ್ಲಿ ಒಂದು ಕಾಫಿ ತಿಂಡಿಯೂ ಬರುವುದಿಲ್ಲ. ಸಾಕಿದ ನಾಯಿಗೆ ಲಸಿಕೆ, ಜಂತುಹುಳುವಿನ ಔಷಧ, ಸಂತಾನಹರಣ ಚಿಕಿತ್ಸೆ ಮಾಡಿಸುವ ಹೊಣೆ ಸಾಕಿದವರದೇ ಎಂದು 2023ರ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಬೀದಿನಾಯಿಗಳ ಹೊಣೆ ಸ್ಥಳೀಯ ಸಂಸ್ಥೆಗಳದು: ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡಬೇಕು. ಇದರಿಂದ ಫಲವಿದೆಯೇ ಎಂದು ಅನುಮಾನಿಸುವವರು ಜಯಪುರದ ಉದಾಹರಣೆ ನೋಡಬಹುದು. ಅಲ್ಲಿ 1994ರಿಂದ 2002ರವರೆಗೆ ಹೀಗೆ ಸುಮಾರು 25,000 ನಾಯಿಗಳಿಗೆ ಚಿಕಿತ್ಸೆ, ಲಸಿಕೆ ಆಯಿತು. ಆ ಕೆಲಸ ನಡೆದ ಬಡಾವಣೆಗಳಲ್ಲಿ ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿಯಿತು, ಮನುಷ್ಯರ ರೇಬೀಸ್ ಸಾವು ಸೊನ್ನೆಗೆ ಬಂತು.

ಆ ಕೆಲಸ ಮಾಡಿದ ಸಂಸ್ಥೆಯನ್ನು ಜಯಪುರದಲ್ಲಿ ಸ್ಥಾಪಿಸಿದವರು ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಬೆಂಗಳೂರಿಗೆ ಬಂದರು. 1991ರಲ್ಲಿ ಇಲ್ಲಿ 'ಕ್ಯುಪಾ' ಎಂಬ ಹೆಸರಿನ ಪ್ರಾಣಿ ಸಂಸ್ಥೆಯನ್ನು ಹುಟ್ಟುಹಾಕಿ 1996ರಲ್ಲಿ ತೀರಿಕೊಂಡರು. ನೀವು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಹೆಬ್ಬಾಳ ಸಿಗುತ್ತದಲ್ಲ, ಅಲ್ಲಿನ ಪಶುವೈದ್ಯ ಕಾಲೇಜಿನ ಆವರಣದಲ್ಲಿ ಆ ಸಂಸ್ಥೆಯ ಆಶ್ರಯವಿದೆ. ಇಂಥ ಯಾವುದೇ ಆಶ್ರಯಕ್ಕೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ. ಗಾಡಿಗೆ ಸಿಕ್ಕಿ ಹಿಂಗಾಲು ಕಳೆದುಕೊಂಡವು, ಕುರುಡಾದವು ಅಲ್ಲಿರುತ್ತವೆ. ಅವುಗಳ ಪಕ್ಕದಲ್ಲಿ, ಯಾವ ಕಾಯಿಲೆಯೂ ಇಲ್ಲದೆ ಗೇಟಿನ ಕಡೆ ಮುಖ ಮಾಡಿ ಕುಳಿತವು ಕೆಲವು ಇರುತ್ತವೆ. ಅವು ಮನೆಯಿಂದ ಬಂದವು.

2025ರಲ್ಲಿ ಆಶ್ರಯಗಳ ವಿಷಯ ದೇಶದಲ್ಲೆಲ್ಲ ಚರ್ಚೆಗೆ ಬಂತು. ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯಗಳಿಗೆ ಸಾಗಿಸಬೇಕೆಂದು ಆಗಸ್ಟ್ 11ರಂದು ಆದೇಶಿಸಿದ ಸರ್ವೋಚ್ಚ ನ್ಯಾಯಾಲಯ 22ರಂದು ಅದನ್ನು ಸಡಿಲಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಜಾಗಗಳಿಂದ ನಾಯಿಗಳನ್ನು ತೆಗೆದು ಆಶ್ರಯಗಳಲ್ಲಿಡಬೇಕೆಂದಿತು. ಇದರ ಸರಿತಪ್ಪನ್ನು ತೂಗುವುದು ನನ್ನ ಕೆಲಸವಲ್ಲ. ನಾಯಿ ಕಚ್ಚಿದ ಮಗುವಿನ ತಾಯಿಗೂ ನಾಯಿಗೆ ಅನ್ನ ಹಾಕುವ ತಾಯಿಗೂ ನಾನು ಒಂದೇ ಪೂಜೆಯಲ್ಲಿ ಪರಮ ಪ್ರಸಾದ ಕೊಡುತ್ತೇನೆ. ಆದರೆ ಒಂದನ್ನು ಹೇಳಲೇಬೇಕು. ಆಶ್ರಯವೆಂಬುದು ನಮ್ಮ ಹೊಣೆಯನ್ನು ಇಳಿಸಿ ಹೋಗುವ ಗೋದಾಮು ಅಲ್ಲ. ನಾವು ಇಳಿಸಿ ಬಂದ ಭಾರವನ್ನು ಅಲ್ಲಿ ಇನ್ನೊಬ್ಬರು, ಎಷ್ಟೋ ಸಲ ಸ್ವಲ್ಪ ಸಂಬಳದ ಹುಡುಗರು, ದಿನವೂ ಎತ್ತುತ್ತಿರುತ್ತಾರೆ.

ಪೆರು ದೇಶದ ಲೀಮಾ ನಗರದ ಸಂತ ಮಾರ್ಟಿನ್ ದೆ ಪೊರೆಸ್‌ರಿಗೆ (1579–1639) ಇದು ಗೊತ್ತಿತ್ತು. ಡೊಮಿನಿಕನ್ ಮಠದಲ್ಲಿ ಕಸ ಗುಡಿಸುತ್ತ, ರೋಗಿಗಳ ಸೇವೆ ಮಾಡುತ್ತ ಬಾಳಿದವರು. ಗಾಯಗೊಂಡ ನಾಯಿ ಬೆಕ್ಕುಗಳನ್ನು ತಮ್ಮ ತಂಗಿಯ ಮನೆಯಲ್ಲಿ ಇಟ್ಟು ಆರೈಕೆ ಮಾಡುತ್ತಿದ್ದರು. ಅದನ್ನೊಂದು ಪ್ರಾಣಿ ಆಶ್ರಯವೆಂದೇ ಕರೆಯಬಹುದು. ಅವರ ಜೀವನಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಮಠದ ಸಹೋದರರೊಬ್ಬರು ಹಲವು ವರ್ಷ ಜೊತೆಗಿದ್ದ ತಮ್ಮ ನಾಯಿ ಮುದಿಯಾಗಿ ನಾತ ಹೊಡೆಯುತ್ತದೆಂದು ಕೊಲ್ಲಿಸಿದರು. ಮಾರ್ಟಿನರು ಅದರ ದೇಹವನ್ನು ಕೋಣೆಗೆ ತಂದು ಪ್ರಾರ್ಥಿಸಲು ಅದು ಜೀವದಿಂದೆದ್ದಿತು. ಅಷ್ಟು ವರ್ಷದ ಸೇವೆಗೆ ಇದೇ ಕೂಲಿಯೇ ಎಂದು ಅವರು ಆ ಸಹೋದರರನ್ನು ಗದರಿಸಿದರು ಎನ್ನುತ್ತಾರೆ. ಪವಾಡವನ್ನು ನೀವು ನಂಬಿ, ಬಿಡಿ. ಆ ಗದರಿಕೆ ಮಾತ್ರ ನನಗೆ ತಾಗಿತು. ಏಕೆಂದು ಹೇಳುತ್ತೇನೆ.

ಹಿಂದಿನ ಒಂದು ಧರ್ಮಕೇಂದ್ರದಲ್ಲಿ ನಾನೂ ಒಂದು ನಾಯಿ ಸಾಕಿದ್ದೆ. ಕೆಂಚ ಎಂದು ಹೆಸರು. ಮಳೆಯಲ್ಲಿ ಗುರುನಿವಾಸದ ಮೆಟ್ಟಿಲ ಮೇಲೆ ಸಿಕ್ಕಿದ ಮರಿ. ಐದು ವರ್ಷ ನನ್ನ ಜೊತೆ ಇತ್ತು. ರಾತ್ರಿ ಮರಣಶಯ್ಯೆಯಲ್ಲಿದ್ದವರ ಮನೆಗೆ ಹೊರಟರೆ ಬೈಕಿನ ಹಿಂದೆ ಊರ ಬಾಗಿಲವರೆಗೆ ಓಡಿಬಂದು, ನಾನು ಮರಳುವವರೆಗೆ ಅಲ್ಲೇ ಕೂರುತ್ತಿತ್ತು. ಗುರುಗಳಾದ ನಮಗೆ ವರ್ಗಾವಣೆ ಎಂಬುದು ಇದ್ದೇ ಇದೆ. ಪುಸ್ತಕಗಳನ್ನು ಹನ್ನೆರಡು ಪೆಟ್ಟಿಗೆಗಳಲ್ಲಿ ಕಟ್ಟಿದೆ. ಕೆಂಚನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದೆ, ಒಪ್ಪಿಸಿದೆ ಎಂದುಕೊಂಡೆ. "ನೋಡಿಕೊಳ್ಳಿ" ಎಂದು ಹೇಳಿ, ಅವರ ಉತ್ತರ ಕೇಳಿಸಿಕೊಳ್ಳುವಷ್ಟು ಹೊತ್ತು ಕೂಡ ನಿಲ್ಲಲಿಲ್ಲ. ಹೊಸ ಕಡೆ ಅದನ್ನು ಕರೆದೊಯ್ಯಬಹುದಿತ್ತು. ಯಾರೂ ಬೇಡವೆಂದಿರಲಿಲ್ಲ. ಸಾಮಾನಿನ ಜೊತೆ ನಾಯಿಯನ್ನು ಇಳಿಸಿಕೊಳ್ಳುವ ಗುರು ಎಂದು ಹೊಸ ಜನ ನಗುತ್ತಾರೇನೋ ಎಂದು ನನಗೇ ಸಂಕೋಚ. ಏಳೆಂಟು ತಿಂಗಳ ಮೇಲೆ ಒಂದು ಮದುವೆಗೆ ಅಲ್ಲಿಗೆ ಹೋದಾಗ ವಿಚಾರಿಸಿದೆ. ನಾನು ಹೊರಟ ಮೇಲೆ ಅದು ಊರ ಬಾಗಿಲಲ್ಲಿ ಕೂತು ಕೂತು, ಕರೆದರೂ ಬಾರದೆ, ಕರೆದು ಊಟ ಹಾಕಿದರೂ ಮತ್ತೆ ಅಲ್ಲಿಗೇ ಹೋಗಿ, ಮಳೆಗಾಲದಲ್ಲಿ ಸತ್ತಿತ್ತು. ನನಗೆ ತಿಳಿಸಿದ ಹುಡುಗ ಅದನ್ನು ಬಹಳ ಸಹಜವಾಗಿ ಹೇಳಿದ.

ದೇವಾಲಯದ ಬಾಗಿಲಲ್ಲಿ ಆ ಗೃಹಸ್ಥರಿಗೆ "ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ನಾನು ಅಷ್ಟು ಬೇಗ ಹೇಳಿದ್ದು ಯಾರಿಗೆ ಎಂದು ನಿಮಗೆ ಈಗ ಅರ್ಥವಾಗಿರಬೇಕು.

ನಾಯಿ ಸಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಮರಿ ಬೇಕೆಂದು ಮಗು ಹಟ ಹಿಡಿದಾಗ, ಅದು ಹತ್ತು ಹನ್ನೆರಡು ವರ್ಷ ಬದುಕುವ ಜೀವ ಎಂಬುದನ್ನು ಮೊದಲು ಲೆಕ್ಕ ಹಾಕಿ; ಮಗು ಕಾಲೇಜಿಗೆ ಹೋದಾಗ, ಮಗಳ ಮದುವೆಯಾದಾಗ, ಮನೆ ಬದಲಿಸಿದಾಗ ಅದು ಎಲ್ಲಿರುತ್ತದೆ ಎಂದು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪ್ರತಿ ವರ್ಷ. ಹೆಣ್ಣಾಗಲಿ ಗಂಡಾಗಲಿ ಸಂತಾನಹರಣ ಮಾಡಿಸುವುದರಲ್ಲಿ ಅಧರ್ಮವಿಲ್ಲ. ಮನುಷ್ಯರ ವಿಷಯದಲ್ಲಿ ಧರ್ಮಸಭೆ ಹೇಳುವುದನ್ನು ನಾಯಿಗೆ ತಂದು ಸೇರಿಸಿ ನನ್ನೊಡನೆ ವಾದಿಸಿದವರೂ ಉಂಟು, ಅವರಿಗೆ ಈ ಮಾತು. ಹಗಲಿಡೀ ಎರಡು ಮೊಳದ ಸರಪಳಿಯಲ್ಲಿ ಕಟ್ಟಿಹಾಕುವುದು ಸಾಕುವುದಲ್ಲ. ಸಾಕಲಾಗದ ಕಾಲ ನಿಜವಾಗಿಯೂ ಬರಬಹುದು. ಆಗ ಅದಕ್ಕೊಂದು ಮನೆ ಹುಡುಕಿ, ಆ ಮನೆಯವರ ಉತ್ತರ ಕೇಳಿಸಿಕೊಂಡು, ಒಂದೆರಡು ಸಲ ಹೋಗಿ ನೋಡಿ ಬನ್ನಿ.

ಆ ಗೃಹಸ್ಥರು ಕಳೆದ ತಿಂಗಳು ಮತ್ತೆ ಬಂದಿದ್ದರು. ನನ್ನ ಉತ್ತರ ಕೇಳಿ ಹೋದ ಮರುದಿನವೇ ಸ್ಕೂಟರ್ ತೆಗೆದುಕೊಂಡು ಆ ಟೀ ಅಂಗಡಿಗೆ ಹೋದರಂತೆ. ನಾಯಿ ಇರಲಿಲ್ಲ. ಇನ್ನೆರಡು ಸಲ ಹೋದರು. ಮೂರನೆಯ ಸಲ ಅಲ್ಲಿಂದ ಒಂದು ಮೈಲಿ ಆಚೆ, ಮೋರಿಯ ಕೆಳಗೆ ಸಿಕ್ಕಿತು. ಒಂದು ಕಾಲು ಮುರಿದಿತ್ತು. ಪಶು ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿ, ಶಿಡ್ಲಘಟ್ಟದ ಹತ್ತಿರ ಹೆಂಡತಿಯ ತವರಿನಲ್ಲಿ ಬಿಟ್ಟಿದ್ದಾರೆ. ತಿಂಗಳಿಗೊಮ್ಮೆ ಮಗಳನ್ನು ಕರೆದುಕೊಂಡು ಹೋಗಿ ನೋಡಿ, ಅದರ ಖರ್ಚಿಗೆ ಏನಾದರೂ ಕೊಟ್ಟು ಬರುತ್ತಾರೆ. ಈಗ ಕುಂಟುತ್ತದೆ, ಆದರೆ ಸ್ಕೂಟರಿನ ಶಬ್ದ ಕೇಳಿದರೆ ಬಚ್ಚಿಟ್ಟುಕೊಳ್ಳುತ್ತದೆ ಎಂದರು.

ಆ ದಿನ ನಾನು ಕೊಟ್ಟ ಉತ್ತರ ತಪ್ಪಾಗಿತ್ತು ಎಂದು ಅವರಿಗೆ ಹೇಳಿದೆ. "ಗೊತ್ತಿತ್ತು ಸ್ವಾಮಿ" ಎಂದರು.